ಮನಸ್ಸಿನ ಕಾಯಿಲೆಯ ಮಾತ್ರೆ: ಮೊದಲ ವಾರದಿಂದ ನಿಲ್ಲಿಸುವವರೆಗೆ

ಖಿನ್ನತೆ, ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆ ಶುರುವಾದ ಹತ್ತನೇ ದಿನಕ್ಕೆ ಎಷ್ಟೋ ಮನೆಗಳಲ್ಲಿ ಅದು ನಿಂತುಹೋಗಿರುತ್ತದೆ. ಯಾಕೆ ಬಿಟ್ಟಿರಿ ಎಂದರೆ ಬರುವ ಉತ್ತರ ಎರಡೇ: ‘ಏನೂ ಗುಣ ಕಾಣಲಿಲ್ಲ’, ಇಲ್ಲವೇ ‘ವಾಕರಿಕೆ ಬಂತು, ಹೀಟ್ ಆಯ್ತು’. ಎರಡೂ ಸುಳ್ಳಲ್ಲ. ಆ ಮಾತ್ರೆಯ ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ ಬೇಕು. ವಾಕರಿಕೆ ಬಂದು ಹೋಗುವುದು ಮೊದಲ ಎರಡು ವಾರದಲ್ಲೇ. ತೊಂದರೆ ಮೊದಲು, ಲಾಭ ಆಮೇಲೆ. ಈ ಲೆಕ್ಕ ಗೊತ್ತಿಲ್ಲದಿದ್ದರೆ ಲಾಭ ಬರುವ ಹೊತ್ತಿಗೆ ಮಾತ್ರೆ ಕಸದ ಬುಟ್ಟಿ ಸೇರಿರುತ್ತದೆ.

ಮನೋವೈದ್ಯರು ಬರೆಯುವ ಪ್ರತಿ ಔಷಧಕ್ಕೂ ಇಂಥದ್ದೊಂದು ಕಾಲಪಟ್ಟಿ ಇದೆ. ಯಾವ ಅಡ್ಡಪರಿಣಾಮ ತಾನಾಗಿ ಹೋಗುತ್ತದೆ, ಯಾವುದು ತಿಂಗಳುಗಳಾದ ಮೇಲೆ ಸದ್ದಿಲ್ಲದೆ ಬರುತ್ತದೆ, ಯಾವುದಕ್ಕೆ ಅದೇ ರಾತ್ರಿ ಆಸ್ಪತ್ರೆಗೆ ಓಡಬೇಕು ಎನ್ನುವುದು ತೆಗೆದುಕೊಳ್ಳುವವರಿಗಷ್ಟೇ ಅಲ್ಲ, ಮಾತ್ರೆ ಎಣಿಸಿ ಕೊಡುವ ಮನೆಯವರಿಗೂ ಗೊತ್ತಿರಬೇಕು. ಇಲ್ಲಿರುವ ಮಿಲಿಗ್ರಾಂ ಲೆಕ್ಕಗಳು ನಿಮ್ಮ ಚೀಟಿಯನ್ನು ಓದಿಕೊಳ್ಳಲಿಕ್ಕೆ. ಡೋಸ್ ಏರಿಸುವುದು, ಇಳಿಸುವುದು ವೈದ್ಯರ ಜೊತೆ ಮಾತಾಡಿಯೇ.

1. ಚೀಟಿ ಕೈಗೆ ಬಂದ ದಿನ

ಮೆಡಿಕಲ್ ಶಾಪಿನಿಂದ ಬಂದ ಕೂಡಲೇ ಸ್ಟ್ರಿಪ್ ತಿರುಗಿಸಿ ನೋಡಿ. ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಅಚ್ಚಾಗಿರುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದ್ದು ಮೂಲ ಹೆಸರನ್ನು. ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಹೋದ ತಿಂಗಳ ಸ್ಟ್ರಿಪ್, ಈ ತಿಂಗಳ ಸ್ಟ್ರಿಪ್ ಎರಡನ್ನೂ ಬೇರೆ ಔಷಧಗಳೆಂದು ತಿಳಿದು ಒಟ್ಟಿಗೆ ನುಂಗಿ ದುಪ್ಪಟ್ಟು ಡೋಸ್ ಆಗುವುದು ಹೀಗೆಯೇ.

ನಮ್ಮಲ್ಲಿ ಇನ್ನೊಂದು ತೊಡಕಿದೆ: ಜೋಡಿ ಮಾತ್ರೆಗಳು. ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ ಮತ್ತು ಗಾಬರಿಯನ್ನು ಕೂಡಲೇ ತಗ್ಗಿಸುವ ಕ್ಲೊನಜೆಪಾಮ್ 0.5 ಮಿ.ಗ್ರಾಂ ಒಂದೇ ಗುಳಿಗೆಯಲ್ಲಿ ಸೇರಿ ಬರುತ್ತದೆ. ಭ್ರಮೆಗೆ ಕೊಡುವ ರಿಸ್ಪೆರಿಡೋನ್ ಜೊತೆ, ಅದರಿಂದ ಬರುವ ನಡುಕ ತಡೆಯುವ ಟ್ರೈಹೆಕ್ಸಿಫೆನಿಡಿಲ್ ಬರುತ್ತದೆ. ಒಂದೇ ಮಾತ್ರೆ ನುಂಗಿದರೆ ಸಾಕು ಎಂಬುದು ಅನುಕೂಲವೇ. ಆದರೆ ಎಸ್ಸಿಟಲೋಪ್ರಾಮ್ ಒಂಬತ್ತು ತಿಂಗಳು ಬೇಕಾದೀತು, ಕ್ಲೊನಜೆಪಾಮ್ ಕೆಲವೇ ವಾರ ಸಾಕು. ಜೋಡಿ ಗುಳಿಗೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಇಳಿಸಲು ಆಗದು. ಒಂದು ತಿಂಗಳು ದಾಟುವ ಚಿಕಿತ್ಸೆಯಾದರೆ ‘ಡಾಕ್ಟ್ರೇ, ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಕೊಡಬಹುದೇ’ ಎಂದು ಕೇಳಿ. ಕೇಳಲೇಬೇಕಾದ ಪ್ರಶ್ನೆ ಇದು.

ವೈದ್ಯರಿಗೆ ಮೊದಲ ದಿನವೇ ಹೇಳಬೇಕಾದವು: ಬಿ.ಪಿ., ಸಕ್ಕರೆ, ಥೈರಾಯ್ಡ್, ಕಿಡ್ನಿ, ಹೃದಯದ ತೊಂದರೆ, ಆಸ್ತಮಾ, ಗ್ಲುಕೋಮಾ, ಪ್ರಾಸ್ಟೇಟ್, ಫಿಟ್ಸ್, ಗರ್ಭಿಣಿಯೇ, ಮಗು ಬೇಕೆಂದಿದ್ದೀರೇ, ಹಾಲೂಡಿಸುತ್ತಿದ್ದೀರೇ, ಕುಡಿತ, ಬೀಡಿ-ಸಿಗರೇಟ್, ಮನೆಯಲ್ಲಿ ಯಾರಿಗಾದರೂ ಹುಮ್ಮಸ್ಸು ಮಿತಿಮೀರಿ ಏರುವ ಕಾಯಿಲೆ ಇತ್ತೇ ಎಂಬುದು. ಆಯುರ್ವೇದದ ಲೇಹ್ಯ, ಕಷಾಯದ ಪುಡಿ, ಕೀಲುನೋವಿನ ಮಾತ್ರೆ ಎಲ್ಲವನ್ನೂ ಒಂದು ಕವರಿಗೆ ಹಾಕಿ ಕೊಂಡೊಯ್ದು ಮೇಜಿನ ಮೇಲೆ ಸುರಿಯುವುದು ಬಾಯಿಮಾತಿಗಿಂತ ವಾಸಿ.

ಆ ದಿನವೇ ತೂಕ ಮತ್ತು ಬಿ.ಪಿ. ಬರೆದಿಡಿ. ಆರು ತಿಂಗಳ ಮೇಲೆ ‘ದಪ್ಪಗಾಗಿದ್ದೀಯ’ ಎಂದು ನೆಂಟರು ಹೇಳುವುದು ಪುರಾವೆಯಲ್ಲ. ಮೊದಲ ದಿನದ ತೂಕವೇ ಪುರಾವೆ.

2. ಖಿನ್ನತೆ, ಆತಂಕದ ಮಾತ್ರೆಗಳು

ಎಸ್ಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಆಕ್ಸೆಟೀನ್, ಪ್ಯಾರಾಕ್ಸೆಟೀನ್ ಒಂದೇ ಗುಂಪಿನವು. ಒಂದು ನರಕೋಶ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ, ಆಮೇಲೆ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಈ ಮಾತ್ರೆಗಳು ಹಾಗೆ ಒಳಗೆಳೆದುಕೊಳ್ಳುವುದನ್ನು ತಡೆಯುತ್ತವೆ. ತಡೆ ಶುರುವಾಗುವುದು ಮೊದಲ ಮಾತ್ರೆಯ ಕೆಲವೇ ಗಂಟೆಗಳಲ್ಲಿ. ಆದರೆ ಹೆಚ್ಚಿದ ಸೆರೊಟೋನಿನ್‌ಗೆ ಕೋಶಗಳು ಹೊಂದಿಕೊಂಡು, ಸುದ್ದಿ ಹಿಡಿಯುವ ಅವುಗಳ ಗ್ರಾಹಕಗಳು ಬದಲಾಗಿ, ಮನಸ್ಸು ಹಗುರಾಗಲು ವಾರಗಳು ಹಿಡಿಯುತ್ತವೆ. ‘ಸೆರೊಟೋನಿನ್ ಕಡಿಮೆಯಾಗಿದೆ, ಅದನ್ನು ತುಂಬಿಸಿದರೆ ಆಯಿತು’ ಎಂಬ ವಿವರಣೆ ಹೇಳಲು ಸುಲಭ, ಆದರೆ ಖಿನ್ನತೆ ಅಷ್ಟು ಸರಳವಲ್ಲ.

ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ತಲೆಯಲ್ಲಲ್ಲ, ಕರುಳಿನಲ್ಲಿ. ವಾಕರಿಕೆ, ಭೇದಿ ಮೊದಲು ಬರುವುದು ಅದಕ್ಕೇ. ತಿಂಡಿ ತಿಂದ ಮೇಲೆ ಮಾತ್ರೆ ತೆಗೆದುಕೊಂಡರೆ ಬಹಳಷ್ಟು ಕಡಿಮೆಯಾಗುತ್ತದೆ. ಮಾತ್ರೆಯಿಂದ ನಿದ್ದೆ ಕೆಟ್ಟರೆ ಬೆಳಿಗ್ಗೆಗೆ, ಮಂಪರು ಬಂದರೆ ರಾತ್ರಿಗೆ ಬದಲಿಸಿಕೊಳ್ಳಬಹುದು. ವೈದ್ಯರಿಗೆ ಒಂದು ಫೋನ್ ಸಾಕು. ಗಾಬರಿ ಕಾಯಿಲೆ ಇರುವವರಿಗೆ ಮೊದಲ ವಾರ ಚಡಪಡಿಕೆ, ಎದೆ ಡವಡವ ಇನ್ನೂ ಹೆಚ್ಚಾಗುವುದುಂಟು. ಅಂಥವರಿಗೆ ಎಸ್ಸಿಟಲೋಪ್ರಾಮ್ 5 ಮಿ.ಗ್ರಾಂನಿಂದ ಶುರುಮಾಡಿ ಒಂದು ವಾರದ ಮೇಲೆ 10ಕ್ಕೆ ಏರಿಸುವ ರೂಢಿ ಇರುವುದು ಇದರಿಂದಲೇ. 10 ಮಿ.ಗ್ರಾಂ ಮಾತ್ರೆಯ ನಡುವೆ ಗೀರು ಇದ್ದರೆ ಮಾತ್ರ ಮುರಿಯಿರಿ. ‘ಎಸ್‌ಆರ್’, ‘ಇಆರ್’, ‘ಸಿಆರ್’ ಎಂದು ಬರೆದಿರುವ ಮಾತ್ರೆ ದಿನವಿಡೀ ನಿಧಾನಕ್ಕೆ ಬಿಡುಗಡೆಯಾಗುವಂಥದ್ದು. ಅದನ್ನು ಪುಡಿಮಾಡಿದರೆ, ಅಗಿದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.

ಹೋಗದೆ ಉಳಿಯುವ ತೊಂದರೆಯೊಂದಿದೆ. ಜನ ಬಾಯಿಬಿಡದೆ ಮಾತ್ರೆ ಬಿಡಲು ಅದೇ ದೊಡ್ಡ ಕಾರಣ. ಲೈಂಗಿಕ ಆಸಕ್ತಿ ಕುಗ್ಗುವುದು, ಸ್ಖಲನ ಬಹಳ ತಡವಾಗುವುದು, ಹೆಂಗಸರಲ್ಲಿ ತೃಪ್ತಿ ಸಿಗದಿರುವುದು. ಇದು ನಿಮ್ಮ ದೌರ್ಬಲ್ಯವಲ್ಲ, ಔಷಧದ ಗುಣ. ಡೋಸ್ ಇಳಿಸುವುದು, ಬ್ಯುಪ್ರೊಪಿಯಾನ್ ಅಥವಾ ಮಿರ್ಟಜಪೀನ್‌ನಂಥ ಬೇರೆ ಮಾತ್ರೆಗೆ ಬದಲಿಸುವುದು ಹೀಗೆ ದಾರಿಗಳಿವೆ. ವೈದ್ಯರು ತಾವಾಗಿ ಕೇಳದಿದ್ದರೆ ನೀವೇ ಹೇಳಿ. ಮನೆಯವರ ಮುಂದೆ ಸಂಕೋಚವಾದರೆ ಒಬ್ಬರೇ ಐದು ನಿಮಿಷ ಮಾತಾಡಬೇಕೆಂದು ಕೇಳಬಹುದು.

ಮೂರು ಎಚ್ಚರಿಕೆ. ಅರವತ್ತು ದಾಟಿದವರಲ್ಲಿ, ಅದರಲ್ಲೂ ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮೊದಲ ತಿಂಗಳಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಸುಸ್ತು, ತಲೆನೋವು, ದಿಕ್ಕೆಟ್ಟ ಮಾತು ಕಂಡರೆ ‘ವಯಸ್ಸಾಯ್ತು’ ಎಂದು ಬಿಡದೆ ಸೋಡಿಯಂ ಪರೀಕ್ಷೆ ಮಾಡಿಸಿ. ಎರಡನೆಯದು, ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಮಲ ಟಾರಿನಂತೆ ಕಪ್ಪಗೆ ಬಂದರೆ ಕಾಯಬೇಡಿ. ಮೂರನೆಯದು, 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ಬಗ್ಗೆ, 2007ರಲ್ಲಿ ಎಳೆಯ ವಯಸ್ಕರ ಬಗ್ಗೆಯೂ ಎಚ್ಚರಿಕೆ ಹಾಕಿಸಿತು. ಅದಕ್ಕೆ ಔಷಧವನ್ನೇ ಬೇಡವೆನ್ನಬೇಕಿಲ್ಲ. ಮೊದಲ ತಿಂಗಳು ಮನೆಯವರು ಹತ್ತಿರವಿರಬೇಕು, ವಾರ-ಹದಿನೈದು ದಿನಕ್ಕೊಮ್ಮೆ ವೈದ್ಯರಿಗೆ ತೋರಿಸಬೇಕು. ಅದೇ ಹೊತ್ತಿನಲ್ಲಿ ನಿದ್ದೆಯೇ ಬೇಡವಾಗಿ, ಮಾತು ಓಡಿ, ಖರ್ಚು ಮಿತಿಮೀರಿದರೆ ಅದು ‘ಗುಣವಾಯ್ತು’ ಅಲ್ಲ. ಬೈಪೋಲಾರ್, ಅಂದರೆ ಖಿನ್ನತೆಯೂ ಮಿತಿಮೀರಿದ ಹುಮ್ಮಸ್ಸೂ ಬಂದುಹೋಗುವ ಕಾಯಿಲೆ ಇರಬಹುದು, ಕೂಡಲೇ ತಿಳಿಸಿ.

ಇದೇ ಕೆಲಸಕ್ಕೆ ಬರುವ ಬೇರೆಯವು: ವೆನ್ಲಾಫ್ಯಾಕ್ಸಿನ್‌ನಲ್ಲಿ ಬಿ.ಪಿ. ನೋಡುತ್ತಿರಬೇಕು, ಮಿರ್ಟಜಪೀನ್ ರಾತ್ರಿ ತೆಗೆದುಕೊಂಡರೆ ಒಳ್ಳೆ ನಿದ್ದೆ, ಒಳ್ಳೆ ಹಸಿವು, ಜೊತೆಗೆ ತೂಕ. ಅಮಿಟ್ರಿಪ್ಟಿಲಿನ್ ಹಳೆಯದು. 10 ಅಥವಾ 25 ಮಿ.ಗ್ರಾಂ ಬರೆದಿದ್ದರೆ ಅದು ಹೆಚ್ಚಾಗಿ ತಲೆನೋವಿಗೋ ನರದ ಉರಿಗೋ ಇರುತ್ತದೆ, ‘ನನಗೆ ಹುಚ್ಚಿನ ಮಾತ್ರೆ ಕೊಟ್ಟರು’ ಎಂದು ಗಾಬರಿಯಾಗಬೇಕಿಲ್ಲ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಅದರ ಸ್ವಭಾವ. ನಮ್ಮಲ್ಲಿ ಇದನ್ನೇ ‘ಹೀಟ್’ ಎನ್ನುವುದು. ಮಜ್ಜಿಗೆ ಕುಡಿಯಿರಿ, ನೀರು ಕುಡಿಯಿರಿ, ಸೊಪ್ಪು-ಹಣ್ಣು ತಿನ್ನಿರಿ. ಆದರೆ ಹೀಟೆಂದು ದಿನ ಬಿಟ್ಟು ದಿನ ಮಾತ್ರೆ ನುಂಗುವುದು ಬೇಡ. ಒಮ್ಮೆಲೇ ಹೆಚ್ಚು ನುಂಗಿದರೆ ಹೃದಯದ ಬಡಿತ ತಪ್ಪಿ ಜೀವ ಹೋಗುವ ಮಾತ್ರೆ ಇದು. ಸಾಯುವ ಯೋಚನೆ ಇರುವವರ ಮನೆಯಲ್ಲಿ ಬೀಗದಲ್ಲಿಡಿ, ತಿಂಗಳದ್ದನ್ನು ಒಟ್ಟಿಗೆ ತರಬೇಡಿ.

3. ಕ್ಲೊನಜೆಪಾಮ್, ಆಲ್‌ಪ್ರಜೋಲಾಮ್

ಇವು ಮಾತ್ರ ಕಾಯಿಸುವುದಿಲ್ಲ. ಅರ್ಧ-ಒಂದು ಗಂಟೆಯಲ್ಲಿ ನೆಮ್ಮದಿ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಇವು ಬಲ ಕೊಡುತ್ತವೆ. ಎಸ್ಸಿಟಲೋಪ್ರಾಮ್ ಹಿಡಿಯುವ ತನಕ ಎರಡು-ನಾಲ್ಕು ವಾರ ಕೊಟ್ಟು ನಿಲ್ಲಿಸುವುದು ಸರಿಯಾದ ಬಳಕೆ. ಕೂಡಲೇ ಗುಣ ಕೊಡುವುದರಿಂದಲೇ ಜನ ಬಿಡದಿರುವುದು ಇದನ್ನೇ, ಬಿಡುವುದು ನಿಜವಾದ ಚಿಕಿತ್ಸೆಯನ್ನು. ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ತರುವವರಿದ್ದಾರೆ. ಆಲ್‌ಪ್ರಜೋಲಾಮ್, ಡಯಾಜೆಪಾಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ಚೀಟಿ ನೋಡಿ, ರೋಗಿಯ ಹೆಸರು, ವೈದ್ಯರ ಹೆಸರು, ಎಷ್ಟು ಮಾತ್ರೆ ಎಂಬುದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ.

ಆಲ್‌ಪ್ರಜೋಲಾಮ್ ಬೇಗ ಮೈಯಿಂದ ಇಳಿಯುತ್ತದೆ. ಹಾಗಾಗಿ ಎರಡು ಡೋಸಿನ ನಡುವೆ ಮತ್ತೆ ಗಾಬರಿ ಶುರುವಾಗಿ ಇನ್ನೊಂದು ಬೇಕೆನಿಸುತ್ತದೆ. ಕ್ಲೊನಜೆಪಾಮ್ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ; ರಾತ್ರಿ ನುಂಗಿದ್ದು ಬೆಳಿಗ್ಗೆ ಬೈಕ್ ಓಡಿಸುವಾಗಲೂ ಮೈಯಲ್ಲಿರುತ್ತದೆ. ವಯಸ್ಸಾದವರು ನಡುರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ಇಂಥ ಮಾತ್ರೆಯೂ ಒಂದು ಕಾರಣ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಕೆಲವರಿಗೆ ಫಿಟ್ಸ್ ಬರುತ್ತದೆ.

ಎದೆ ಡವಡವಕ್ಕೆ ಪ್ರೊಪ್ರನೊಲಾಲ್ ಬರೆಯುವುದೂ ಉಂಟು. ಅದು ಚಟವಾಗದು. ಆದರೆ ಆಸ್ತಮಾ ಇರುವವರಿಗೆ ಕೊಡಬಾರದು.

4. ಭ್ರಮೆ, ಸಂಶಯ, ಕಿವಿಯಲ್ಲಿ ಮಾತು: ಅದಕ್ಕೆ ಕೊಡುವ ಮಾತ್ರೆಗಳು

1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದ ಮೇಲೆ ಈ ಗುಂಪು ಬೆಳೆಯಿತು. ಹೆಚ್ಚು ಕಡಿಮೆ ಎಲ್ಲವೂ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕಗಳನ್ನು ತಡೆಯುತ್ತವೆ. ಡೋಪಮಿನ್ ಮಾಡುವ ಕೆಲಸ ಒಂದಲ್ಲ. ಭ್ರಮೆಗೆ ಕಾರಣವಾಗುವ ಜಾಗದಲ್ಲಿ ತಡೆದರೆ ಗುಣ, ಚಲನೆ ನಿಯಂತ್ರಿಸುವ ಜಾಗದಲ್ಲಿ ತಡೆದರೆ ಮೈ ಬಿಗಿತ, ಹಾರ್ಮೋನು ಬಿಡುವ ಪಿಟ್ಯುಟರಿ ಗ್ರಂಥಿಯಲ್ಲಿ ತಡೆದರೆ ಮುಟ್ಟಿನ ಏರುಪೇರು. ಈ ಒಂದು ಸಾಲು ನೆನಪಿದ್ದರೆ ಅಡ್ಡಪರಿಣಾಮಗಳೆಲ್ಲ ಅರ್ಥವಾಗುತ್ತವೆ.

ಮೊದಲ ಕೆಲವು ದಿನಗಳಲ್ಲಿ, ಹೆಚ್ಚಾಗಿ ಹರೆಯದ ಗಂಡಸರಲ್ಲಿ, ಹ್ಯಾಲೊಪೆರಿಡಾಲ್ ಅಥವಾ ರಿಸ್ಪೆರಿಡೋನ್ ಶುರುವಾದ ಮೇಲೆ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ಕತ್ತು ಒಂದು ಕಡೆಗೆ ತಿರುಚುತ್ತದೆ, ನಾಲಿಗೆ ದಪ್ಪಗಾದಂತಾಗಿ ಮಾತು ತೊದಲುತ್ತದೆ. ಪ್ರಜ್ಞೆ ಪೂರ್ತಿ ಇರುತ್ತದೆ, ಅದಕ್ಕೇ ಹೆದರಿಕೆ ಜಾಸ್ತಿ. ಮನೆಯವರು ಲಕ್ವ ಹೊಡೆಯಿತೆಂದೋ ಗಾಳಿ ಸೋಕಿತೆಂದೋ ಹೊತ್ತು ಕಳೆಯುತ್ತಾರೆ. ಇದು ಸ್ನಾಯುಗಳ ಸೆಳೆತ. ಹತ್ತಿರದ ಆಸ್ಪತ್ರೆಗೆ ಹೋಗಿ ಸ್ಟ್ರಿಪ್ ತೋರಿಸಿ. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಬಿಡುತ್ತದೆ. ಗಂಟಲು ಬಿಗಿದು ಉಸಿರಿಗೆ ತೊಂದರೆಯಾದರೆ ಮಾತ್ರ 108ಕ್ಕೆ ಕರೆ ಮಾಡಿ.

ಮುಂದಿನ ವಾರಗಳಲ್ಲಿ ಬರುವ ಇನ್ನೊಂದನ್ನು ಗುರುತಿಸುವುದು ಕಷ್ಟ. ಕೂತಲ್ಲಿ ಕೂರಲಾಗುವುದಿಲ್ಲ. ಕಾಲು ಅಲ್ಲಾಡಿಸುತ್ತ, ಎದ್ದು ಅತ್ತಿಂದಿತ್ತ ಓಡಾಡುತ್ತ, ಮತ್ತೆ ಕೂತು ಮತ್ತೆ ಏಳುವುದು. ‘ಒಳಗೆಲ್ಲ ಏನೋ ಹರಿದಾಡ್ತಿದೆ’ ಎನ್ನುತ್ತಾರೆ. ಕಾಯಿಲೆ ಕೆರಳಿತೆಂದು ಭಾವಿಸಿ ಡೋಸ್ ಏರಿಸಿದರೆ ಇದು ಇನ್ನೂ ಹೆಚ್ಚಾಗುತ್ತದೆ. ಅರಿಪಿಪ್ರಜೋಲ್‌ನಲ್ಲೂ ಇದು ಕಾಣುತ್ತದೆ. ವೈದ್ಯರ ಬಳಿ ಹೋದಾಗ ‘ಸಿಡುಕು ಜಾಸ್ತಿ’ ಎಂದಷ್ಟೇ ಹೇಳಬೇಡಿ. ಮಾತ್ರೆ ಶುರುವಾದ ಎಷ್ಟನೇ ದಿನ ಇದು ಬಂತು, ಮಲಗಿದಾಗ ಕಡಿಮೆಯಾಗುತ್ತದೆಯೇ, ಕಾಲೇ ಹೆಚ್ಚು ಚಡಪಡಿಸುತ್ತದೆಯೇ ಎಂದು ಹೇಳಿ. ಡೋಸ್ ಇಳಿಸುವುದು, ಪ್ರೊಪ್ರನೊಲಾಲ್ ಸೇರಿಸುವುದು ಇದಕ್ಕೆ ಮದ್ದು.

ಕೈ ನಡುಕ, ಮುಖದಲ್ಲಿ ಭಾವವಿಲ್ಲದಿರುವುದು, ಸಣ್ಣ ಹೆಜ್ಜೆ ಬಂದರೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ಕೊಡುತ್ತಾರೆ. ಅದನ್ನು ಬೆಳಿಗ್ಗೆ ತೆಗೆದುಕೊಳ್ಳುವುದು ವಾಸಿ, ರಾತ್ರಿಯಾದರೆ ನಿದ್ದೆ ಕೆಡಬಹುದು. ಅದೂ ಜೀವನಪರ್ಯಂತದ ಮಾತ್ರೆಯಲ್ಲ. ಮರೆವು, ಮಲಬದ್ಧತೆ ತರುತ್ತದೆ. ಮೂರು ತಿಂಗಳಾದ ಮೇಲೆ ಇನ್ನೂ ಬೇಕೇ ಎಂದು ಕೇಳಿ. ವರ್ಷಗಳ ಮೇಲೆ ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು ತಾನಾಗಿಯೇ ಶುರುವಾದರೆ ಅದು ಬೇರೆಯದೇ ತೊಂದರೆ, ಅದಕ್ಕೆ ಈ ಮಾತ್ರೆ ಉಪಯೋಗವಿಲ್ಲ, ಇನ್ನೂ ಕೆಡಿಸಬಹುದು. ಎಷ್ಟು ಬೇಗ ತೋರಿಸುತ್ತೀರೋ ಅಷ್ಟು ಒಳ್ಳೆಯದು.

ಓಲಂಜಪಿನ್ ಕೈಕಾಲು ಬಿಗಿಸುವುದು ಕಡಿಮೆ, ತೂಕ ಏರಿಸುವುದು ಹೆಚ್ಚು. ಅತಿ ವೇಗವಾಗಿ ಏರುವುದು ಮೊದಲ ಮೂರು ತಿಂಗಳಲ್ಲಿ. ಮೊದಲ ಆರು ವಾರ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. 60 ಕಿಲೋ ಇದ್ದವರು 63 ಮುಟ್ಟಿದರೆ ಶೇ. 5 ಆಯಿತು, ಕಾಯದೆ ವೈದ್ಯರಿಗೆ ಹೇಳುವ ಅಂಕಿ ಅದು. ಔಷಧ ಬದಲಿಸಬಹುದು, ಮೆಟ್‌ಫಾರ್ಮಿನ್ ಸೇರಿಸಬಹುದು. ಮಾತ್ರೆ ಹಸಿವನ್ನು ಹೆಚ್ಚಿಸುತ್ತದೆ, ತಿಂದ ಮೇಲೂ ತೃಪ್ತಿ ಕೊಡುವುದಿಲ್ಲ. ಮನೆಯವರು ‘ಬಕಾಸುರ’ ಎಂದು ಹಂಗಿಸುವ ಬದಲು ಬಿಸ್ಕತ್ತು, ಮಿಕ್ಸ್ಚರಿನ ಡಬ್ಬ ಮನೆಗೆ ತರದಿರುವುದು ಹೆಚ್ಚು ಕೆಲಸ ಮಾಡುತ್ತದೆ. ಸಕ್ಕರೆ ಮತ್ತು ಕೊಬ್ಬಿನ ರಕ್ತಪರೀಕ್ಷೆ ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವುದು, ಎದೆಯಲ್ಲಿ ಹಾಲು ಬರುವುದು ಉಂಟು. ಮದುವೆಯಾಗದ ಹುಡುಗಿಗೆ ಹೀಗಾದಾಗ ಮನೆಯಲ್ಲಿ ನಡೆಯುವ ರಂಪ ಹೇಳತೀರದು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿರುತ್ತದೆ, ಅಷ್ಟೇ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಔಷಧ ಬದಲಿಸಿದರೆ ಸರಿಹೋಗುತ್ತದೆ. ಲುರಾಸಿಡೋನ್ ಬರೆದಿದ್ದರೆ ಅದನ್ನು ಕನಿಷ್ಠ 350 ಕ್ಯಾಲರಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಬರೀ ಕಾಫಿ-ಬಿಸ್ಕತ್ತಿನ ಮೇಲೆ ನುಂಗಿದರೆ ಮೈ ಸರಿಯಾಗಿ ಹೀರುವುದಿಲ್ಲ.

ಬೇರೆ ಎರಡು ಔಷಧಕ್ಕೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೊಜಪಿನ್. ಬಿಳಿ ರಕ್ತಕಣ ಕುಸಿಯುವ ಅಪಾಯಕ್ಕಾಗಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ. ಜ್ವರ, ಗಂಟಲುನೋವು ಬಂದರೆ ಅದೇ ದಿನ ಎಣಿಕೆ ಮಾಡಿಸಿ. ಜನ ರಕ್ತಕ್ಕೆ ಹೆದರುತ್ತಾರೆ, ಮಲಬದ್ಧತೆಯನ್ನು ನಗಣ್ಯ ಮಾಡುತ್ತಾರೆ. ಈ ಮಾತ್ರೆಯಲ್ಲಿ ಕರುಳು ಪೂರ್ತಿ ನಿಂತು ಜೀವ ಹೋಗಿರುವುದುಂಟು. ಮೂರು ದಿನ ಮಲವಿಸರ್ಜನೆ ಇಲ್ಲವೆಂದರೆ ಫೋನ್ ಮಾಡಿ. 48 ಗಂಟೆಗಿಂತ ಹೆಚ್ಚು ಬಿಟ್ಟುಹೋದರೆ ಹಳೆ ಡೋಸಿಗೆ ನೇರ ಹೋಗುವಂತಿಲ್ಲ, 12.5 ಮಿ.ಗ್ರಾಂನಿಂದ ಮತ್ತೆ ಏರಿಸಬೇಕು. ಬೀಡಿ ಸೇದುವವರು ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಕ್ಲೊಜಪಿನ್ ಮಟ್ಟ ಏರುತ್ತದೆ. ಹೊಗೆಯಲ್ಲಿರುವ ಅಂಶಗಳು ಅದನ್ನು ಲಿವರ್‌ನಲ್ಲಿ ಬೇಗ ಕರಗಿಸುತ್ತಿರುತ್ತವೆ. ಬೀಡಿ ಬಿಡಿ, ಆದರೆ ಹೇಳಿ ಬಿಡಿ.

5. ಲಿಥಿಯಂ ಮತ್ತು ಅದರ ಜೊತೆಗಾರರು

ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ, ಅಂದರೆ ಹುಮ್ಮಸ್ಸು ಮಿತಿಮೀರಿ ಏರಿದ ಸ್ಥಿತಿಗೆ, ಲಿಥಿಯಂ ಬಳಸಿ ಅದರ ಬಗ್ಗೆ ಬರೆದರು. ಬೈಪೋಲಾರ್ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಇವತ್ತಿಗೂ ಇದಕ್ಕೆ ಸಾಟಿ ಕಡಿಮೆ. ಅಗ್ಗದ ಮಾತ್ರೆ, ನಮ್ಮಲ್ಲಿ 300 ಮತ್ತು 400 ಮಿ.ಗ್ರಾಂನಲ್ಲಿ ಸಿಗುತ್ತದೆ. ತೊಂದರೆಯೆಂದರೆ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಅಂತರ ಸಣ್ಣದು. ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0 (mEq/L) ಇರಬೇಕು, 1.5 ದಾಟಿದರೆ ಅಪಾಯ.

ಈ ಪರೀಕ್ಷೆಯನ್ನು ಸರಿಯಾದ ಹೊತ್ತಿಗೆ ಮಾಡಿಸದಿದ್ದರೆ ಅಂಕಿಗೆ ಅರ್ಥವಿಲ್ಲ. ರಾತ್ರಿ 9ಕ್ಕೆ ಮಾತ್ರೆ, ಬೆಳಿಗ್ಗೆ 9ಕ್ಕೆ ರಕ್ತ. ನಡುವೆ ಹನ್ನೆರಡು ಗಂಟೆ. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಡೋಸ್ ಬದಲಾದ ಐದರಿಂದ ಏಳು ದಿನಕ್ಕೆ ಪರೀಕ್ಷೆ, ಸ್ಥಿರವಾದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ಲ್ಯಾಬಿನವರು ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಎಳೆಯಲು ಹೊರಟರೆ ಕೇಳಿ: ಅದರೊಳಗೆ ಲಿಥಿಯಂ ಹೆಪಾರಿನ್ ಇದ್ದರೆ ಟ್ಯೂಬಿನ ಲಿಥಿಯಂ ಸೇರಿ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಕಿಡ್ನಿಯ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ಕ್ಯಾಲ್ಸಿಯಂ ಪರೀಕ್ಷೆ ಆರು ತಿಂಗಳಿಗೊಮ್ಮೆ.

ಕಿಡ್ನಿಯ ಪಾಲಿಗೆ ಲಿಥಿಯಂ ಮತ್ತು ಸೋಡಿಯಂ ಒಂದೇ ಬಳಗ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಸೋಡಿಯಂ ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಉಳಿಸಿಕೊಳ್ಳುತ್ತದೆ, ಮಟ್ಟ ಏರುತ್ತದೆ. ಇದರಿಂದ ಏನೇನು ಹೊರಡುತ್ತದೆ ನೋಡಿ. ಬಿ.ಪಿ. ಬಂತೆಂದು ಇದ್ದಕ್ಕಿದ್ದಂತೆ ಉಪ್ಪಿಲ್ಲದ ಊಟ ಶುರುಮಾಡುವಂತಿಲ್ಲ. ನೀರನ್ನೂ ಮುಟ್ಟದ ಏಕಾದಶಿ ಉಪವಾಸ, ರಂಜಾನ್ ರೋಜಾ ಮಾಡುವುದಿದ್ದರೆ ಮೊದಲೇ ವೈದ್ಯರನ್ನು ಕೇಳಬೇಕು. ವಾಂತಿ-ಭೇದಿ ಹಿಡಿದರೆ ಅಂದಿನ ಲಿಥಿಯಂ ಬಗ್ಗೆ ಫೋನ್ ಮಾಡಿ ಕೇಳಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಬೆವರಿನಲ್ಲಿ ಕಳೆದುಕೊಂಡಷ್ಟನ್ನು ಉಪ್ಪು ಹಾಕಿದ ಮಜ್ಜಿಗೆ, ನೀರಿನಲ್ಲಿ ತುಂಬಿಸಿಕೊಳ್ಳುತ್ತಿರಬೇಕು. ಮೈಕೈ ನೋವಿಗೆ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬಾರದು, ಪ್ಯಾರಾಸಿಟಮಾಲ್ ಆದೀತು. ಬೇರೆ ವೈದ್ಯರು ಬಿ.ಪಿ.ಗೆ ಟೆಲ್ಮಿಸಾರ್ಟಾನ್, ಎನಲಾಪ್ರಿಲ್, ಹೈಡ್ರೊಕ್ಲೋರೊಥಯಜೈಡ್ ಬರೆಯುವ ಮೊದಲು ‘ನಾನು ಲಿಥಿಯಂ ಮೇಲಿದ್ದೇನೆ’ ಎನ್ನಬೇಕು.

ಬೆರಳಿನ ಸಣ್ಣ ನಡುಕ, ಬಾಯಾರಿಕೆ, ಪದೇ ಪದೇ ಮೂತ್ರ ಇವು ಮಾಮೂಲು. ಆದರೆ ಲೋಟದ ಕಾಫಿ ಚೆಲ್ಲುವಷ್ಟು ದೊಡ್ಡ ನಡುಕ, ವಾಂತಿ-ಭೇದಿ, ತೊದಲು ಮಾತು, ಕುಡಿದವರಂತೆ ತೂರಾಡುವ ನಡಿಗೆ, ಮಂಕು ಬಂದರೆ ವಿಷ ಏರಿದೆ ಎಂದೇ ತಿಳಿದು ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಒಯ್ಯಿರಿ.

ಸೋಡಿಯಂ ವಾಲ್ಪ್ರೊಯೇಟ್ ಉನ್ಮಾದಕ್ಕೂ ಫಿಟ್ಸಿಗೂ ಬರುತ್ತದೆ. ತೂಕ, ಕೂದಲು ಉದುರುವುದು, ಅಪರೂಪಕ್ಕೆ ಲಿವರ್ ತೊಂದರೆ. ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡದಿರುವುದೇ ಮೇಲು: ಗರ್ಭದಲ್ಲಿ ಇದರ ಸಂಪರ್ಕಕ್ಕೆ ಬಂದ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ, ಕಲಿಕೆಯ ತೊಂದರೆ ಕಂಡಿದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದು ಗರ್ಭ ನಿಂತರೆ ತಾವಾಗಿ ನಿಲ್ಲಿಸದೆ ಅದೇ ವಾರ ವೈದ್ಯರನ್ನು ಕಾಣಿ. ಲ್ಯಾಮೊಟ್ರಿಜಿನ್ ಅನ್ನು 25 ಮಿ.ಗ್ರಾಂನಿಂದ ವಾರಗಟ್ಟಲೆ ನಿಧಾನಕ್ಕೆ ಏರಿಸುವುದು ಚರ್ಮದ ಭೀಕರ ಪ್ರತಿಕ್ರಿಯೆ ತಪ್ಪಿಸಲು. ವಾಲ್ಪ್ರೊಯೇಟ್ ಜೊತೆಗಿದ್ದರೆ ಅದರ ಅರ್ಧ. ಐದು ದಿನಕ್ಕಿಂತ ಹೆಚ್ಚು ಬಿಟ್ಟರೆ ಮತ್ತೆ ಮೊದಲಿನಿಂದ. ಕಾರ್ಬಮಜೆಪಿನ್‌ನಲ್ಲೂ ಚರ್ಮ ನೋಡಿಕೊಳ್ಳಬೇಕು; ಗರ್ಭನಿರೋಧಕ ಗುಳಿಗೆಯ ಕೆಲಸವನ್ನೂ ಅದು ಕೆಡಿಸುತ್ತದೆ.

6. ದಿನನಿತ್ಯದ ಪ್ರಶ್ನೆಗಳು

ಒಂದು ಹೊತ್ತು ಮರೆತರೆ? ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ. ಎರಡು ಸೇರಿಸಿ ನುಂಗಬೇಡಿ, ಲಿಥಿಯಂನಲ್ಲಂತೂ ಖಂಡಿತ ಬೇಡ. ವಾರದ ದಿನಗಳ ಹೆಸರಿರುವ ಮಾತ್ರೆ ಡಬ್ಬ ಸಿಗುತ್ತದೆ. ಭಾನುವಾರ ತುಂಬಿಸಿಟ್ಟರೆ ‘ತಗೊಂಡ್ಯಾ ಇಲ್ವಾ’ ಎಂಬ ಜಗಳ ತಪ್ಪುತ್ತದೆ.

ಒಲ್ಲೆನ್ನುವವರಿಗೆ ಸಾರಿನಲ್ಲಿ, ಕಾಫಿಯಲ್ಲಿ ಕಲಸಿ ಕೊಡಬಹುದೇ? ಬಹಳ ಮನೆಗಳಲ್ಲಿ ನಡೆಯುತ್ತದೆ. ಅರ್ಧ ಕಾಫಿ ಕುಡಿದಿಟ್ಟರೆ ಎಷ್ಟು ಔಷಧ ಹೋಯಿತೆಂದು ಯಾರಿಗೂ ಗೊತ್ತಾಗದು. ಲೇಪನವಿರುವ ಮಾತ್ರೆ ಪುಡಿಯಾದರೆ ಹೊಟ್ಟೆ ಉರಿ. ಮೊದಲೇ ಎಲ್ಲರೂ ವಿಷ ಹಾಕುತ್ತಾರೆಂಬ ಸಂಶಯವಿರುವವರಿಗೆ ಒಮ್ಮೆ ಗೊತ್ತಾಯಿತೋ, ಊಟವನ್ನೇ ಬಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಗೆ ರೋಗಿಯ ಒಪ್ಪಿಗೆಯನ್ನು ಮುಖ್ಯವಾಗಿ ಇಟ್ಟಿದೆ. ನಾಲಿಗೆಯ ಮೇಲೆ ಕರಗುವ ಮಾತ್ರೆ, ದ್ರವ ರೂಪ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲುಫೆನಜಿನ್ ಇಂಜೆಕ್ಷನ್ ಬಗ್ಗೆ ವೈದ್ಯರ ಜೊತೆ ಮಾತಾಡಿ.

ಕಾಸಿನ ಪ್ರಶ್ನೆ ಬಂದರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಇವುಗಳಲ್ಲಿ ಬಹುಪಾಲು ಉಚಿತ. ದೇಶಕ್ಕೆಲ್ಲ ಈ ಮಾದರಿ ಹೊರಟದ್ದು ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. ಅಡ್ಡಪರಿಣಾಮದ ಬಗ್ಗೆ ನಡುರಾತ್ರಿ ಕೇಳಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದವು:

– ಮೈ ಮರಗಟ್ಟಿದಂತೆ ಬಿಗಿತ, ಜೋರು ಜ್ವರ, ಬೆವರು, ಮಂಕು. ಭ್ರಮೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದನ್ನು ವೈರಲ್ ಜ್ವರವೆಂದು ಮನೆಯಲ್ಲಿಟ್ಟುಕೊಳ್ಳಬೇಡಿ.
– ಖಿನ್ನತೆಯ ಮಾತ್ರೆಯ ಜೊತೆ ನೋವಿನ ಟ್ರಮಡಾಲ್ ಅಥವಾ ಕೆಮ್ಮಿನ ಡೆಕ್ಸ್ಟ್ರೊಮೆಥಾರ್ಫಾನ್ ಸೇರಿ ನಡುಕ, ಬೆವರು, ಭೇದಿ, ಕಾಲು ಅದುರುವುದು, ತಳಮಳ.
– ಜ್ವರದ ಜೊತೆ ಚರ್ಮದಲ್ಲಿ ದದ್ದು, ಬಾಯಿಯಲ್ಲಿ, ಕಣ್ಣಿನಲ್ಲಿ ಹುಣ್ಣು. ಆ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ ಹೊರಡಿ.
– ಕಣ್ಣು ಹಳದಿ, ಫಿಟ್ಸ್, ಪ್ರಜ್ಞೆ ತಪ್ಪುವುದು, ಹೆಚ್ಚು ಮಾತ್ರೆ ನುಂಗಿರುವುದು. ಖಾಲಿ ಸ್ಟ್ರಿಪ್ ಜೊತೆಗೊಯ್ಯಿರಿ.

7. ನಿಲ್ಲಿಸುವುದು

ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುತ್ತಾರೆ. ಲೆಕ್ಕ ಶುರುವಾಗುವುದು ಮಾತ್ರೆ ಆರಂಭಿಸಿದ ದಿನದಿಂದಲ್ಲ, ಗುಣವಾದ ದಿನದಿಂದ. ಮರುಕಳಿಸಿದ್ದರೆ ಎರಡು ವರ್ಷವೋ ಹೆಚ್ಚೋ. ಮಗಳ ಮದುವೆ, ಪರೀಕ್ಷೆ, ಕೆಲಸ ಬದಲಾವಣೆ ಮುಂದಿರುವ ತಿಂಗಳು ಇಳಿಸಲು ಶುರುಮಾಡಬೇಡಿ.

ಎಸ್ಸಿಟಲೋಪ್ರಾಮ್‌ನಂಥವನ್ನು ಒಮ್ಮೆಲೇ ಬಿಟ್ಟರೆ ಎರಡರಿಂದ ನಾಲ್ಕನೇ ದಿನಕ್ಕೆ ತಲೆಸುತ್ತು, ವಾಕರಿಕೆ, ಸಿಡುಕು, ವಿಚಿತ್ರ ಕನಸು, ಕಣ್ಣು ಹೊರಳಿಸಿದಾಗ ತಲೆಯೊಳಗೆ ಸಣ್ಣ ಕರೆಂಟ್ ಹೊಡೆದಂತೆ ಆಗುತ್ತದೆ. ಪ್ಯಾರಾಕ್ಸೆಟೀನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಹೆಚ್ಚು; ನಿಧಾನಕ್ಕೆ ಇಳಿಯುವ ಫ್ಲುಆಕ್ಸೆಟೀನ್‌ನಲ್ಲಿ ಕಡಿಮೆ. ಇದು ಚಟವಲ್ಲ, ಕಾಯಿಲೆ ಮರಳಿದ್ದೂ ಅಲ್ಲ. ಮರಳುವ ಕಾಯಿಲೆ ವಾರಗಳ ಮೇಲೆ ನಿಧಾನಕ್ಕೆ ಬರುತ್ತದೆ, ಹಳೆಯ ಲಕ್ಷಣಗಳನ್ನೇ ತರುತ್ತದೆ. ತಲೆಯೊಳಗಿನ ಕರೆಂಟ್ ಅದರಲ್ಲಿರುವುದಿಲ್ಲ. ಹಿಂದಿನ ಡೋಸಿಗೆ ಮರಳಿದಾಗ ಒಂದೆರಡು ದಿನದಲ್ಲೇ ಸರಿಹೋದರೆ ಅದು ಬಿಡುವಾಗಿನ ತೊಂದರೆಯೇ.

ಇಳಿಸುವಾಗ 20ರಿಂದ 10ಕ್ಕೆ ಬರುವುದು ಸುಲಭ. 5ರಿಂದ ಸೊನ್ನೆಗೆ ಬರುವುದೇ ಕಷ್ಟ, ಏಕೆಂದರೆ ಸಣ್ಣ ಡೋಸಿನಲ್ಲೂ ಮಿದುಳಿನ ಮೇಲೆ ಅದರ ಹಿಡಿತ ದೊಡ್ಡದಿರುತ್ತದೆ. ಹಾಗಾಗಿ ಕೊನೆಯ ಮೆಟ್ಟಿಲುಗಳು ಸಣ್ಣವಿರಲಿ, ಒಂದೊಂದರ ನಡುವೆ ಎರಡರಿಂದ ನಾಲ್ಕು ವಾರ ಬಿಡುವಿರಲಿ. ದಿನ ಬಿಟ್ಟು ದಿನ ನುಂಗಿ ಇಳಿಸುವ ಪದ್ಧತಿ ಇಲ್ಲಿ ಒಳ್ಳೆಯದಲ್ಲ, ಮಟ್ಟ ದಿನಾ ಏರಿಳಿದು ತೊಂದರೆ ಹೆಚ್ಚುತ್ತದೆ. ವರ್ಷಗಟ್ಟಲೆ ತೆಗೆದುಕೊಂಡ ಕ್ಲೊನಜೆಪಾಮ್ ಅನ್ನು ಎರಡು ವಾರಕ್ಕೊಮ್ಮೆ ಸುಮಾರು ಹತ್ತರಲ್ಲೊಂದು ಭಾಗ ಇಳಿಸುತ್ತ ಬಂದರೆ ತಿಂಗಳುಗಳೇ ಹಿಡಿದರೂ ಫಿಟ್ಸಿನ ಭಯ ಕಡಿಮೆ. ಲಿಥಿಯಂ ಅನ್ನು ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ಇಳಿಸಬೇಕು. ಥಟ್ಟನೆ ಬಿಟ್ಟವರಲ್ಲಿ ಉನ್ಮಾದ ಬೇಗ ಮರಳುತ್ತದೆ. ಜೋಡಿ ಗುಳಿಗೆಯವರು ಇಳಿಸುವ ಮೊದಲು ಎರಡನ್ನೂ ಬೇರ್ಪಡಿಸಿಕೊಂಡು, ಒಂದನ್ನು ಮುಟ್ಟದೆ ಇನ್ನೊಂದನ್ನು ಮಾತ್ರ ಇಳಿಸಲಿ. ಇಳಿಸಿದ ದಿನಾಂಕ, ಎಷ್ಟರಿಂದ ಎಷ್ಟಕ್ಕೆ, ಮೂರನೇ ದಿನ ಹೇಗಿತ್ತು ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಉಳಿದ ಸ್ಟ್ರಿಪ್‌ಗಳನ್ನು ‘ಯಾರಿಗಾದರೂ ಆದೀತು’ ಎಂದು ಪಕ್ಕದ ಮನೆಯವರಿಗೆ ಕೊಡಬೇಡಿ; ಅವರ ನಿದ್ದೆಗೇಡಿಗೆ ಕಾರಣ ಬೇರೆಯೇ ಇರುತ್ತದೆ.